ಆ ಪಥ್ಯ ನಿನ್ನದಲ್ಲ, ನೀಲಕ್ಕಾ

ಶ್ರೀಶೈಲ, ಭಾಗ್ಯಾ — ನಿಮ್ಮ ದೊಡ್ಡಜ್ಜಿ ನೀಲಕ್ಕನ ಬದುಕು ಕೆಡಿಸಿದವಳು ನಾನು. ಬಾಯಿಬಿಟ್ಟು ಹೇಳುವ ಧೈರ್ಯ ಇಷ್ಟು ವರ್ಷ ಬರಲಿಲ್ಲ. ಊರ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ.

ಶ್ರೀಶೈಲ, ಮೊನ್ನೆ ನೀನು ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದೆ — ಗಂಡಸಿನ ಮೈಯಲ್ಲಿ ಟೆಸ್ಟೊಸ್ಟೆರಾನ್ ಅಂತ ಒಂದಿದೆ, ಚಟ ಬಿಟ್ಟು, ಬೆವರು ಸುರಿಸಿ, ಹೊತ್ತಿಗೆ ಸರಿಯಾಗಿ ಮಲಗಿದರೆ ಅದು ಹೆಚ್ಚುತ್ತದೆ ಅಂತ. ಹೆಸರು ನನಗೆ ಹೊಸದು. ಮಾತು ಹೊಸದಲ್ಲ.

ಎಪ್ಪತ್ತರ ದಶಕ. ಮೋರಟಗಿಯ ನಮ್ಮ ಮನೆಯಲ್ಲಿ ಇಬ್ಬರು ಸೊಸೆಯರು: ಹಿರಿಯವಳು ನೀಲಕ್ಕ, ಕಿರಿಯವಳು ನಾನು. ಇಬ್ಬರಿಗೂ ಮಕ್ಕಳಿರಲಿಲ್ಲ. ಆದರೂ ಅತ್ತೆಯ ಬಾಯಲ್ಲಿ ಅವಳು ‘ನನ್ನ ಬಂಗಾರ’, ನಾನು ‘ಏ ಇಕಿ’. ಕೀಲಿಕೈ ಅವಳ ಸೊಂಟದಲ್ಲಿ. ಭಾವ ಸಿಂದಗಿಯಿಂದ ಮಲ್ಲಿಗೆ ತಂದರೆ ಅರ್ಧ ಹರಿದು ನನಗೂ ಮುಡಿಸುತ್ತಿದ್ದಳು. ಆ ಅರ್ಧ ನನ್ನ ನೆತ್ತಿ ಸುಡುತ್ತಿತ್ತು. ಕೊಡುವವಳು ಯಾವಾಗಲೂ ಅವಳೇ ಏಕೆ?

ಒಂದು ಸಂತೆಯ ದಿನ ಇಬ್ಬರೂ ದೇವರ ಹಿಪ್ಪರಗಿಯ ವೈದ್ಯರಲ್ಲಿಗೆ ಹೋದೆವು. ನೀಲಕ್ಕ ನಾಚಿ ಹೊರಗೆ ಕಟ್ಟೆಯ ಮೇಲೆ ಕೂತಳು. ನಾನೂ ನಾಚಿಕೆಯವಳೇ, ಆದರೆ ಅವಳಿಗಿಂತ ಮೊದಲು ತಾಯಿಯಾಗುವ ಹಟ ನನ್ನನ್ನು ಒಳಗೆ ತಳ್ಳಿತು. ಗಂಡಂದಿರ ಚಟಗಳನ್ನೆಲ್ಲ ಕೇಳಿ ತಿಳಿದು ವೈದ್ಯರು ನಕ್ಕರು.

“ಪಥ್ಯ ನಿಮಗಲ್ಲವ್ವಾ, ಗಂಡಸರಿಗೆ. ಇಬ್ಬರೂ ತಂಬಾಕು ತಿನ್ನೂದು, ಸೆರೆ ಕುಡಿಯೂದು ಬಿಡ್ಲಿ. ಇಸ್ಪೀಟ್ ಆಡ್ಕೋತ ನಿದ್ದಿ ಕೆಡಸೂದು ಸಾಕು. ಬೆವರು ಸುರಿಯೂವಂಗ ದುಡೀಲಿ, ಹಾಲು ಶೇಂಗಾ ತಿನ್ಲಿ. ಕಸುವು ತಾನಾ ಬರ್ತೈತಿ.”

ಹೊರಗೆ ಬಂದೆ. ನೀಲಕ್ಕ ತಟ್ಟನೆ ಎದ್ದಳು. “ಪಥ್ಯ ಅಂದದ್ದಷ್ಟ ಕೇಳಿಸ್ತು, ಗೌರೀ. ಯಾರಿಗೆ?”

“ನಿನಗ,” ಅಂದೆ.

ಅದೊಂದೇ ಮಾತು — ಅಲ್ಲ, ಇನ್ನೂ ಇದೆ. “ಉಪ್ಪು ಬಿಡಬೇಕಂತ. ದೋಷ ನಿನ್ನ ಮೈಯಾಗ ಐತಂತ.” ಆ ಮಾತು ಎಲ್ಲಿಂದ ಬಂತೋ — ಎಲ್ಲಿಂದ ಎಂದು ನನಗೆ ಗೊತ್ತು.

“ಮತ್ತೇನಾರ ಅಂದ್ರೇನು?”

“ಇಷ್ಟ, ಅಕ್ಕಾ.”

ನಿಮ್ಮ ಅಜ್ಜನಿಗೆ ಮಾತ್ರ ನಿಜ ಹೇಳಿದೆ; ಭಾವನಿಗೆ ನೀಲಕ್ಕನೇ ಹೇಳುತ್ತಾಳೆ ಎಂದೂ ಸೇರಿಸಿದೆ. ಭಾವನೆದುರು ನಾವು ನಿಂತು ಮಾತಾಡುವ ಕಾಲವಲ್ಲ ಅದು; ಅಣ್ಣನ ಬಳಿ ಇಂಥ ಮಾತು ಎತ್ತುವಷ್ಟು ಸಲಿಗೆ ನಿಮ್ಮ ಅಜ್ಜನಿಗೂ ಇರಲಿಲ್ಲ. ಅವರು ಚಟ ಬಿಟ್ಟು ಗರಡಿಮನೆಗೆ ಹೋಗತೊಡಗಿದರು. ಅಂಗಳದಲ್ಲಿ ದಂಡ ಹೊಡೆಯುವಾಗ ಭಾವ ತಂಬಾಕು ಉಗುಳಿ ನಗುತ್ತಿದ್ದರು: “ಏನಪಾ, ಮುದುಕಾಗೂ ಹೊತ್ತಿನ್ಯಾಗ ಪೈಲ್ವಾನ ಆಗಾಕತ್ತೀಯೇನು?” ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಅದೇ ಅಡುಗೆಮನೆಯಲ್ಲಿ ನೀಲಕ್ಕ ಸಪ್ಪೆ ಬೇಳೆಯಲ್ಲಿ ರೊಟ್ಟಿ ಅದ್ದಿ ನುಂಗುತ್ತಿದ್ದಳು.

ನಿಮ್ಮ ಅಪ್ಪ ಹುಟ್ಟಿದ. ಅವನು ಮೊದಲು ‘ಅವ್ವಾ’ ಎಂದದ್ದು ಅವಳಿಗೆ — ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಅವಳಿಂದ ಎಲ್ಲವನ್ನೂ ಕಸಿದುಕೊಂಡವಳಿಗೆ!

ಅತ್ತೆ ‘ಬಂಜಿ’ ಎನ್ನತೊಡಗಿದರು. ಕೀಲಿಕೈ ನನ್ನ ಸೊಂಟಕ್ಕೆ ಬಂತು. ತಾಂಬಾದಿಂದ ಭಾವನಿಗೆ ಎರಡನೆಯ ಹೆಂಡತಿ ಬಂದಳು. ನೀಲಕ್ಕ ಬಾಗೇವಾಡಿಯ ತವರಿಗೆ ಹೊರಟಳು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, “ನನ್ನ ಸಲುವಾಗಿ ವೈದ್ಯರ ಮುಂದ ನಾಚಿಕಿ ಬಿಟ್ಟು ಕೇಳಿದಾಕಿ ನೀನಾ, ಗೌರೀ,” ಅಂದಳು. ನಾನು ಆಗಲೂ — ಆಗಲೂ ನಿಜ ಹೇಳದೆ ಅವಳ ಗಂಟು ಎತ್ತಿಕೊಟ್ಟೆ. ತಾಂಬಾದ ಹುಡುಗಿಯ ಮಡಿಲೂ ತುಂಬಲಿಲ್ಲ.

ಭಾವ ಆ ಪಥ್ಯ ಮಾಡಿದ್ದರೂ ಕೂಸು ಹುಟ್ಟುತ್ತಿರಲಿಲ್ಲವೇನೋ. ಎಷ್ಟೋ ಸಲ ಹೀಗೆ ಸಮಾಧಾನ ಮಾಡಿಕೊಂಡೆ. ಅದು ಬೇರೆ ಮಾತು. ‘ಬಂಜಿ’ ಎಂಬ ಆ ಹೆಸರಿಗೆ ಕಾರಣ ನನ್ನ ಸುಳ್ಳು ಎಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಭಾವನೂ ನಿಮ್ಮ ಅಜ್ಜನೂ ಈಗಿಲ್ಲ. ಅವಳಿದ್ದಾಳೆ. ನಾಳೆ ಬಾಗೇವಾಡಿಗೆ ಹೋಗುತ್ತೇನೆ. ಅವಳ ಮುಖ ನೋಡಿ ನನ್ನ ನಾಲಿಗೆ ಹೊರಳದೆ ಹೋದರೆ, ಇದನ್ನು ನೀವೇ ಅವಳಿಗೆ ಓದಿ ಹೇಳಿರಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿರಿ. ನನ್ನ ಮೇಲಿನ ಪ್ರೀತಿಯಿಂದ ಹರಿದುಹಾಕಬೇಡಿರಿ.