ಭಾವಮೈದುನನ ಕೈ

ಉಳಿ ಹರಿತವಾಯಿತೇ ಎಂದು ತಿಳಿಯಲು ಮುಂಗೈ ಕೂದಲು ಬೋಳಿಸಿ ನೋಡಬೇಕೆಂದು ಹರಿಹರದ ಬಡಗಿಯೊಬ್ಬರು ಹೇಳಿಕೊಟ್ಟಿದ್ದರು. ಬಡಗಿತನದಲ್ಲಿ ನನಗೆ ಬಂದದ್ದು ಅದೊಂದೇ ವಿದ್ಯೆ. ದಾವಣಗೆರೆಯ ನಮ್ಮ ಹಿತ್ತಲಲ್ಲಿ ಭಾನುವಾರ ಬಂತೆಂದರೆ ಸಾಣೆಕಲ್ಲಿನ ಮೇಲೆ ಉಳಿ ಮಸೆಯುವುದು, ಕೈ ಬೋಳಿಸುವುದು. ತಿಂಗಳೊಳಗೆ ಎಡಗೈ ಹಸುಗೂಸಿನ ಕೆನ್ನೆಯಂತಾಯಿತು. ಹೆಂಡತಿ ಕೇಳಿದ್ದ ಮಣೆ ಮಾತ್ರ ಇನ್ನೂ ಹಲಗೆಯಾಗಿಯೇ ಇತ್ತು.

ಹಬ್ಬಕ್ಕೆ ಅವಳ ತಮ್ಮ ಬಂದ. ಕೈತುಂಬ ಕರಡಿ ಕೂದಲು.

"ಸ್ವಲ್ಪ ಕೈ ಕೊಡಪ್ಪ" ಎಂದೆ.

ಹಲಗೆ ಎತ್ತಲು ಕರೆದೆನೆಂದುಕೊಂಡು, ಪಾಪ, ಅಂಗಿಯ ತೋಳು ಮಡಚಿಕೊಂಡು ಬಂದ. ಮಣಿಕಟ್ಟಿನಿಂದ ಮೊಣಕೈವರೆಗೆ ಬೋಳಿಸಿಬಿಟ್ಟೆ.

ಹೆಂಡತಿ ಬಾಗಿಲಲ್ಲಿ ನಿಂತು ರೇಗಿದಳು: "ಮಣೆ ಮಾಡ್ರಿ ಅಂದ್ರೆ ಕಟಿಂಗ್ ಶಾಪ್ ಇಟ್ಟೀರೇನ್ರಿ?"

ಅವನು ಎರಡೂ ಕೈ ಅಕ್ಕಪಕ್ಕ ಹಿಡಿದು ನೋಡಿ, ಇನ್ನೊಂದನ್ನೂ ಚಾಚಿದ.

"ಇದನ್ನೂ ಮಾಡಿಬಿಡ್ರಿ ಭಾವ, ಜೋಡಿ ಕೂಡ್ಲಿ."