ಹಕ್ಕಿಯಲ್ಲ, ಕಪ್ಪೆ ಎಂದ ಪಂಪ್‌ಹೌಸಿನ ಅಕ್ಕ

ಬೆಳಗಿನ ಐದೂವರೆ. ಪಂಪ್‌ಹೌಸಿನ ಮೋಟರ್ ಆರಿಸಿ, ಎಣ್ಣೆಗೈ ಒರೆಸಿಕೊಂಡು ಅಕ್ಕ ಕೊಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಮೋಟರ್ ಸದ್ದು ಅಡಗಿದ್ದೇ ತಡ, ಜೊಂಡಿನೊಳಗಿಂದ ಸಣ್ಣ ಸಿಳ್ಳೆಗಳು ಏಳುತ್ತವೆ. ಅಕ್ಕ ಕಣ್ಣು ಮುಚ್ಚಿ, ಎಡಗೈ ಗೆಣ್ಣುಗಳಲ್ಲಿ ಹಕ್ಕಿ, ಬಲಗೈ ಗೆಣ್ಣುಗಳಲ್ಲಿ ಕಪ್ಪೆ ಎಣಿಸುತ್ತಾರೆ. ಹತ್ತು ನಿಮಿಷಕ್ಕೆ ಹಕ್ಕಿ ಒಂಬತ್ತು, ಕಪ್ಪೆ ಮೂವತ್ತೊಂದು.

"ಎರಡೂ ಒಂದೇ ಥರ ಕೇಳ್ಸುತ್ತೆ ಅಂತಾರೆ. ಹಕ್ಕಿ ಕೂಗಿದ್ದನ್ನೇ ಕೂಗಲ್ಲ, ಕೊನೇಲಿ ಏನಾದ್ರೂ ಸೇರಿಸುತ್ತೆ. ಕಪ್ಪೆಗೆ ಹಿಡಿದಿದ್ದೇ ಹಠ. ನಾವು ಹೆಜ್ಜೆ ಇಟ್ರೆ ಹಕ್ಕಿ ಆಚೆ ಹಾರಿಹೋಗಿ ಹಾಡುತ್ತೆ, ಕಪ್ಪೆ ಅಲ್ಲೇ ಬಾಯಿ ಮುಚ್ಕೊಳ್ಳುತ್ತೆ" ಎನ್ನುತ್ತಾರೆ.

ಗಂಡ ಕಾಯಿಲೆ ಬಿದ್ದಾಗ ಈ ಕೆಲಸ ಅಕ್ಕನ ಹೆಗಲಿಗೆ ಬಂತು. ಹದಿನೆಂಟು ವರ್ಷವಾಯಿತು. ಮೊದಲ ತಿಂಗಳಲ್ಲೇ ಮೋಟರ್ ಸುಟ್ಟು ಎಲ್ಲರಿಂದ ಬೈಸಿಕೊಂಡಿದ್ದಾರೆ. ಆಗ ಕೈಹಿಡಿದವರು ಕಣ್ಣು ಕಾಣದ ಅತ್ತೆ. ಹೆಜ್ಜೆ ಸದ್ದಲ್ಲೇ ಬಂದವರಾರೆಂದು ಹೇಳುವ ಅವರು ಸೊಸೆಯ ಪಕ್ಕದಲ್ಲಿ ಕೂತು ಮೋಟರಿನ ಸದ್ದು ಬಿಡಿಸಿ ಕೇಳುವುದನ್ನು ಕಲಿಸಿದ್ದಾರೆ.

ಆ ಕಿವಿ ಕಳೆದ ವರ್ಷ ಕೊಳವನ್ನೇ ಉಳಿಸಿದೆ. ನೀರು ಬಸಿದು ತಳಕ್ಕೆ ಸಿಮೆಂಟ್ ಹಾಕುವ ಯೋಜನೆ ಆಗ ಸಿದ್ಧವಾಗಿತ್ತು. ಜೀವಿಗಳ ಲೆಕ್ಕಕ್ಕೆ ಬಂದ ಸಂಶೋಧಕಿಯ ಕಂಪ್ಯೂಟರ್ ಸಿಳ್ಳೆಯನ್ನೆಲ್ಲ ಹಕ್ಕಿಯ ಖಾತೆಗೆ ಹಾಕಿತ್ತು. ಹಕ್ಕಿಗಳಾದರೆ ಪಕ್ಕದ ಕೊಳಕ್ಕೆ ಹಾರಿಹೋಗುತ್ತವೆ, ಚಿಂತೆಯಿಲ್ಲ ಎಂದು ವರದಿಯೂ ತಯಾರಾಗುತ್ತಿತ್ತು. ರೆಕಾರ್ಡಿಂಗ್ ಕೇಳಿದ ಅಕ್ಕ, "ಇದು ಕಪ್ಪೆ ಅಲ್ವಾ ಮೇಡಂ?" ಎಂದಾಗ ಸಂಶೋಧಕಿ ನಕ್ಕುಬಿಟ್ಟರು. ಮರುದಿನ ಅಕ್ಕ ಅವರನ್ನು ಮೊಣಕಾಲುದ್ದ ನೀರಿಗಿಳಿಸಿ ಜೊಂಡು ಸರಿಸಿದರು. ಹೆಬ್ಬೆರಳಿನ ಉಗುರಿನಷ್ಟು ಕಪ್ಪೆ, ಕತ್ತು ಉಬ್ಬಿಸಿಕೊಂಡು ಕೂತಿದೆ. ಕೆಳಗೆ ದಂಟಿನ ತುಂಬ ಮೊಟ್ಟೆ.

ವರದಿ ಬದಲಾಯಿತು, ನಕ್ಷೆಯೂ ಬದಲಾಯಿತು. ಅರ್ಧ ಕೊಳ ಜೊಂಡಿನ ಸಮೇತ ಹಾಗೇ ಉಳಿದಿದೆ.

"ಅಕ್ಕ ಅವತ್ತು ಸುಮ್ಮನಿದ್ದಿದ್ರೆ ನನ್ನ ತಪ್ಪಿಗೆ ಇವೆಲ್ಲ ಸಾಯ್ತಿದ್ವು. ಈ ಋಣ ದೊಡ್ಡದು" ಎನ್ನುತ್ತಾರೆ ಸಂಶೋಧಕಿ. ಈಗ ಪ್ರತಿ ತಿಂಗಳ ಎಣಿಕೆ ಅಕ್ಕನದೇ.

ನಿಮಗೇನು ಬೇಕು ಎಂದರೆ ಅಕ್ಕ ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

"ದಂಡೆ ಮೇಲೊಂದು ಬೆಂಚ್ ಹಾಕಿಸಿಕೊಟ್ರೆ ಸಾಕು. ಅತ್ತೆಗೆ ಮಂಡಿ ನೋವು, ನೆಲದಲ್ಲಿ ಕೂರೋಕಾಗಲ್ಲ. ಒಂದಿನ ಕರ್ಕೊಂಡು ಬಂದು ಇದನ್ನೆಲ್ಲ ಕೇಳಿಸ್ಬೇಕು. ನಂಗೆ ಗೊತ್ತಾಗದೇ ಇರೋದು ಇನ್ನೂ ಏನೇನಿದ್ಯೋ, ಅವರು ಹೇಳ್ತಾರೆ."