ಕಬ್ಬಿಣ ಬಿಟ್ಟು ಬನ್ನಿ

ಚೆನ್ನೈನ ಪ್ರಯೋಗಾಲಯದಲ್ಲಿ ಮೊದಲ ದಿನ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಮೈ ಮೇಲೆ ಕಬ್ಬಿಣ ಇದೆಯಾ?" ಗಡಿಯಾರ, ಬೆಲ್ಟು, ಪಿನ್ನು ಎಲ್ಲ ಬಿಚ್ಚಿಡಬೇಕು. ಮಂಡ್ಯದ ನಮ್ಮ ಕಡೆ ಬಾಣಂತಿಯ ತಲೆದಿಂಬಿನ ಕೆಳಗೆ ದೆವ್ವ ಬರದಿರಲೆಂದು ಕಬ್ಬಿಣ ಇಡುತ್ತಾರೆ. ಇಲ್ಲಿ ಕಬ್ಬಿಣವೇ ದೆವ್ವ.

ಕಾರಣವಿದೆ. ನಾವು ಪರೀಕ್ಷಿಸುವ ಅಲ್ಯೂಮಿನಿಯಂ ತಟ್ಟೆಗಳು ಹೊರದೇಶದ ಪ್ರಯೋಗವೊಂದಕ್ಕೆ ಹೋಗುತ್ತವೆ. ಅಲ್ಲಿ ನ್ಯೂಟ್ರಾನುಗಳನ್ನು, ಓಡುವ ಮನುಷ್ಯ ಹಿಂದಿಕ್ಕಬಹುದಾದಷ್ಟು ನಿಧಾನಗೊಳಿಸಿ, ಪಾತ್ರೆಯಲ್ಲಿ ಕೂಡಿಹಾಕುತ್ತಾರೆ. ನ್ಯೂಟ್ರಾನಿನ ಒಳಗಿನ ಧನ, ಋಣ ವಿದ್ಯುದಾವೇಶಗಳು ಒಂದಿಷ್ಟು ಅತ್ತಿತ್ತ ಸರಿದಿವೆಯೇ ಎಂದು ನೋಡುತ್ತಾರೆ. ಅಳೆಯುವಷ್ಟು ಸರಿದಿದ್ದರೆ ನಮಗೆ ಗೊತ್ತಿಲ್ಲದ ಹೊಸ ನಿಯಮವೊಂದು ಇದೆ ಎಂದರ್ಥ. ತಟ್ಟೆಯಲ್ಲಿ ಕಬ್ಬಿಣದ ಒಂದು ಕಣ ಉಳಿದರೂ ಅದರ ಕಾಂತತೆ ಸುಳ್ಳು ಉತ್ತರ ಕೊಟ್ಟುಬಿಡುತ್ತದೆ.

ಕಳೆದ ತಿಂಗಳು ಹಾಸ್ಟೆಲ್ ಬಿಟ್ಟು ಪೋರೂರಿನ ಮಾಮಿಯೊಬ್ಬರ ಮಹಡಿಗೆ ಬಾಡಿಗೆಗೆ ಬಂದೆ. ಮೂರು ತಲೆಮಾರಿನಿಂದ ಇಲ್ಲೇ ಇರುವ ಕನ್ನಡದವರು. "ಬರೀ ತಲೇಲಿ ಹೋಗ್ಬಾರ್ದು ಮ್ಮಾ, ಕೊಂಜ ತಿರುಗು" ಎಂದು ದಿನಾ ಬೆಳಿಗ್ಗೆ ಮಲ್ಲಿಗೆ ಮುಡಿಸುತ್ತಿದ್ದರು. ಕೊಂಜ ಎಂದರೆ ಸ್ವಲ್ಪ. ಎರಡು ವರ್ಷ ಯಾರೂ ತಲೆ ಮುಟ್ಟಿರಲಿಲ್ಲ. ಮೊದಲ ದಿನ ನನಗೆ ಅಳುವೇ ಬಂತು.

ಅದೇ ವಾರ ಬಂದ ನಾಲ್ಕು ತಟ್ಟೆಗಳಲ್ಲೂ ಕಾಂತತೆ ಅಳೆಯುವ ನಮ್ಮ ಪೆಟ್ಟಿಗೆ ಕಬ್ಬಿಣ ತೋರಿಸಿತು. ತಟ್ಟೆ ಕಡೆದವರು ಹಿಂದಿನ ಬೀದಿಯ ಲೇತಿನ ಷಣ್ಮುಗಂ. ನಾನು ವರದಿ ಬರೆದೆ. ಅವರ ಕೆಲಸ ಬೇರೆಯವರಿಗೆ ಕೊಡೋಣ ಎಂದರು ನಮ್ಮ ಮುಖ್ಯಸ್ಥೆ. ಸುದ್ದಿ ಕೇಳಿ ಷಣ್ಮುಗಂ ಗೇಟಿಗೇ ಬಂದರು. "ಅಂದ ಮೆಷಿನ್‌ಲ ಇರುಂಬೇ ತೊಡಲ, ಮೇಡಂ!" ಆ ಯಂತ್ರದಲ್ಲಿ ಕಬ್ಬಿಣ ಮುಟ್ಟಿಯೇ ಇಲ್ಲವಂತೆ. ಅಲ್ಯೂಮಿನಿಯಂ ಪುಡಿ ಹತ್ತಿದ ಎರಡೂ ಕೈ ಚಾಚಿ ತೋರಿಸಿದರು.

ಆ ಕೈ ಕಣ್ಣಿಂದ ಹೋಗಲಿಲ್ಲ. ಮಾರನೆಯ ದಿನ ತಟ್ಟೆಯೇ ಇಡದೆ ಖಾಲಿ ಪೆಟ್ಟಿಗೆಯ ಮೇಲೆ ಬಗ್ಗಿದೆ. ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು. ಆಗಲೂ ಅಳತೆ ಜಿಗಿಯಿತು. ನೆತ್ತಿ ಬಿಸಿಯಾಗಿ ತಲೆಗೆ ಕೈ ಹೋಯಿತು. ಮಲ್ಲಿಗೆಯ ಅಡಿಯಲ್ಲಿ ಮಾಮಿ ಸಿಕ್ಕಿಸಿದ್ದ ಉಕ್ಕಿನ ಪಿನ್ನು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ, ಸಾಲದೆಂದು ಇನ್ನೊಬ್ಬರನ್ನು ಕಳ್ಳರನ್ನಾಗಿ ಮಾಡಿದ್ದೆ.

ಪಿನ್ನು ತೆಗೆದು ಅಳೆದರೆ ನಾಲ್ಕೂ ತಟ್ಟೆ ಶುದ್ಧ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ನೌಕರಿ ಮುಂದುವರಿಸುವ ಪತ್ರಕ್ಕೆ ಸಹಿ ಬೀಳುವ ವಾರ ಬೇರೆ. ಹೆದರಿಕೆಯಲ್ಲೇ ಹೋಗಿ ಹೇಳಿದೆ. "ಕೆಲಸ ಷಣ್ಮುಗಂಗೇ ಇರಲಿ. ನಿಮ್ಮ ಪತ್ರ ಆಮೇಲೆ ನೋಡೋಣ" ಎಂದರು ಮುಖ್ಯಸ್ಥೆ.

ಷಣ್ಮುಗಂ ಅಂಗಡಿಗೂ ಹೋಗಿ ಹೇಳಿದೆ. ಅವರು ಲೇತ್ ನಿಲ್ಲಿಸಿದರು. "ಎನಕ್ಕು ಸೊನ್ನಾ ಪತ್ತಾದು. ಇವಂಗ ಎಲ್ಲಾರುಕ್ಕುಂ ಸೊಲ್ಲುಂಗ." ತಮಗೊಬ್ಬರಿಗೇ ಹೇಳಿದರೆ ಸಾಲದು, ಕೆಲಸಗಾರರೆಲ್ಲರಿಗೂ ಹೇಳಬೇಕು. ಆಟೋ ಹಿಡಿಯಲು ಸಾಕಾಗುತ್ತಿದ್ದ ನನ್ನ ತಮಿಳು ಅಲ್ಲಿ ತಡವರಿಸಿತು. "ತಪ್ಪು ಎನ್ನೋಡದು. ಅವರ್ ವೇಲೆ ಸುತ್ತಂ" ಎಂದೆ. ತಪ್ಪು ನನ್ನದು, ಅವರ ಕೆಲಸ ಶುದ್ಧ.

"ನೀಂಗ ನಾಳೆಕ್ಕು ಊರುಕ್ಕು ಪೋಯಿಡುವೀಂಗಮ್ಮಾ. ನಾನ್ ಇಂಗೇದಾನ್ ಪೇರ್ ಕಾಪ್ಪಾತ್ತಣುಂ" ಎಂದರು ಅವರು. ನೀವು ನಾಳೆ ಊರಿಗೆ ಹೋಗಿಬಿಡುತ್ತೀರಿ, ಹೆಸರು ಉಳಿಸಿಕೊಂಡು ಇಲ್ಲೇ ಬದುಕಬೇಕಾದವನು ನಾನು.

ನಾನೆಲ್ಲೂ ಹೋಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮನ ಫೋನು. "ಊರಿಗೆ ಯಾವಾಗ ಬತ್ತೀಯವ್ವ?" ಎಂದು ಅವಳು ಕೂಗಿದ್ದು ಎಲ್ಲರಿಗೂ ಕೇಳಿತು.

"ಬತ್ತೀನವ್ವ, ಬತ್ತೀನಿ" ಎಂದೆ.

ಅಷ್ಟು ಕನ್ನಡ ಷಣ್ಮುಗಂಗೂ ಅರ್ಥವಾಗುತ್ತದೆ. ನನ್ನತ್ತ ನೋಡದೆ ಅವರು ಮತ್ತೆ ಲೇತ್ ಚಾಲೂ ಮಾಡಿದರು.